ಅರಳುಮರಳಿನ ಆಚೆಗೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಮುಪ್ಪಿನ ಮರೆವನ್ನು ಸಹಜವೆಂದು ಒಪ್ಪಿಸುತ್ತದೆ. ಒಪ್ಪಿಸಿ, ಮುಂದಿನ ಪ್ರಶ್ನೆಗಳನ್ನು ನಿಲ್ಲಿಸಿಬಿಡುತ್ತದೆ.

ವೈದ್ಯಶಾಸ್ತ್ರವೂ ಬಹುಕಾಲ ಹೀಗೇ ಯೋಚಿಸಿತ್ತು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದ ಆಗಸ್ಟೆ ಡೆಟರ್‌ಗೆ 51 ವರ್ಷ. ಗಂಡನ ಮೇಲೆ ವಿನಾಕಾರಣ ಅನುಮಾನ. ತನ್ನ ಹೆಸರು ಬರೆಯಲು ಹೊರಟರೆ ನಡುವೆಯೇ ಮರೆವು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯ ಅಲೋಯ್ಸ್ ಆಲ್ಝೈಮರ್ ಆಕೆಯ ಮಿದುಳನ್ನು ಪರೀಕ್ಷಿಸಿ, ಕಂಡದ್ದನ್ನು ಅದೇ ವರ್ಷ ಮಂಡಿಸಿದರು. 1910ರಲ್ಲಿ ಎಮಿಲ್ ಕ್ರೆಪೆಲಿನ್ ಕಾಯಿಲೆಗೆ ಅವರ ಹೆಸರಿಟ್ಟರು. ಆದರೆ ಆ ಹೆಸರು ಮುಪ್ಪಿಗೆ ಮುಂಚೆ ಮರೆವು ಬಂದವರಿಗಷ್ಟೇ ಮೀಸಲಾಯಿತು. ವೃದ್ಧರದ್ದು ಬರೀ ಮುಪ್ಪು! ಎರಡೂ ಒಂದೇ ಕಾಯಿಲೆಯೆಂದು ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಬಲವಾಗಿ ವಾದಿಸಿದ್ದು 1976ರಲ್ಲಿ.

ನನ್ನ ಸಂಶೋಧನೆ ಮೌಖಿಕ ಇತಿಹಾಸದ್ದು. ಹಿರಿಯರ ನೆನಪುಗಳನ್ನು ದಾಖಲಿಸಲು ಯಲ್ಲಾಪುರದ ಇಡಗುಂದಿಯಲ್ಲಿ ಓಡಾಡುವಾಗ ಡಿಮೆನ್ಷಿಯಾ ಇದ್ದ ಅಮ್ಮಮ್ಮನೊಬ್ಬರ ಪರಿಚಯವಾಯಿತು. ಬೆಳಗಿನ ತಿಂಡಿ ನೆನಪಿಲ್ಲ. ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿದ್ದ, 1956ಕ್ಕೂ ಹಿಂದಿನ ದಿನಗಳು ಮಾತ್ರ ಸ್ಪಷ್ಟ. ಆಲ್ಝೈಮರ್‌ನಲ್ಲಿ ಹೊಸ ನೆನಪು ಮೂಡಿಸುವ ಹಿಪೊಕ್ಯಾಂಪಸ್ ಬೇಗ ಸವೆಯುತ್ತದೆ. ಹಳೆಯವು ಹೆಚ್ಚು ಕಾಲ ಉಳಿಯುತ್ತವೆ.

ವಸ್ತುಗಳ ಹೆಸರೂ ಕೈಕೊಡುತ್ತದೆ. ಕತ್ತಿ ಅವರ ಬಾಯಲ್ಲಿ ‘ಕೊಯ್ಯೋದು’. ಸಂಜೆಯಾದರೆ ಚಡಪಡಿಕೆ. ಖಾಲಿ ಕೊಟ್ಟಿಗೆಯ ಮುಂದೆ ನಿಂತು, ಆಕಳು ಬಂತೇ ಎಂದು ಕೇಳುತ್ತಾರೆ. ‘ಮಾರಿ ಎಷ್ಟೋ ವರ್ಷವಾಯ್ತು’ ಎಂದು ಮಗ ತಿದ್ದಿದರೆ ಸಿಟ್ಟು. ಸೊಸೆ ತಿದ್ದುವುದಿಲ್ಲ, ಯಾವ ಆಕಳು ಹೆಚ್ಚು ಹಾಲು ಕೊಡುತ್ತಿತ್ತೆಂದು ಕೇಳುತ್ತಾರೆ. ಅಮ್ಮಮ್ಮ ಜಗಲಿಯಲ್ಲಿ ಕೂತು ಹೇಳತೊಡಗುತ್ತಾರೆ. ಮನೆಯವರಿಗೆ ಹಟವಾಗಿ ಕಂಡದ್ದು ಅರವತ್ತು ವರ್ಷಗಳ ದುಡಿಮೆಯ ಅಭ್ಯಾಸ. ಮಾತು ಸೋತಲ್ಲಿ ನಡವಳಿಕೆಯೇ ಮಾತು.

ಹಾಗೆಂದು ಹೇಳಿದ್ದೆಲ್ಲವೂ ಸಾಕ್ಷ್ಯವಲ್ಲ. ನೆನಪಿನ ಬಿರುಕುಗಳನ್ನು ಮಿದುಳು ತಾನೇ ಕಟ್ಟಿದ ಸಂಗತಿಗಳಿಂದ ತುಂಬುವುದುಂಟು. ಹೇಳುವವರ ಮಟ್ಟಿಗೆ ಅದು ಸುಳ್ಳಲ್ಲ. ಇಸವಿಗಳನ್ನು ಕಡತಗಳಲ್ಲಿ ಪರಿಶೀಲಿಸಬೇಕು. ದಾಖಲಿಸುವ ಮುನ್ನ ಪ್ರತಿ ಸಲವೂ ಒಪ್ಪಿಗೆ ಕೇಳಬೇಕು. ನಿನ್ನೆಯ ಒಪ್ಪಿಗೆ ಅವರಿಗೆ ಇಂದು ನೆನಪಿರುವುದಿಲ್ಲ. ಆದರೆ ಕೆಲಸದ ಕ್ರಮ, ಮನೆಮಾತಿನ ಪದಗಳು, ದನಿಯ ಏರಿಳಿತ ಯಾವ ಕಡತದಲ್ಲೂ ಸಿಗುವುದಿಲ್ಲ.

ಅರಳುಮರಳೆಂದು ಬದಿಗೆ ಸರಿಸಿದರೆ ನಷ್ಟ ಎರಡು. ಥೈರಾಯ್ಡ್ ತೊಂದರೆ, ಬಿ12 ಕೊರತೆಯಂಥ ಚಿಕಿತ್ಸೆಗೆ ಬಗ್ಗುವ ಕಾರಣಗಳಿದ್ದರೂ ಯಾರೂ ಪರೀಕ್ಷೆ ಮಾಡಿಸುವುದಿಲ್ಲ. ಇನ್ನೂ ಹೇಳಬಲ್ಲವರ ಎದುರಿಗೆ ಕೇಳುವವರೂ ಇರುವುದಿಲ್ಲ.