ಚಳಿಗಾಲದಲ್ಲಿ ಏಕಾಂಗಿ ಅರಣ್ಯ ಚಾರಣ ಹಾಗೂ ತೂಗುಜೋಲಿಯಲ್ಲಿ ರಾತ್ರಿ ವಾಸ್ತವ್ಯ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಮೇಲ್ಕಂಡ ಐದು ತಾಲ್ಲೂಕುಗಳ ಬಹುಭಾಗವು ನದಿ ಬಯಲಿನ ಹಾಗೂ ಒಣಬೇಸಾಯದ ಕೃಷಿ ಭೂಮಿಯಾಗಿದ್ದು, ರಾತ್ರಿ ತಂಗಿ ಚಾರಣ ಕೈಗೊಳ್ಳುವಂತಹ ದಟ್ಟ ಅರಣ್ಯ ಇಲ್ಲಿ ಇರುವುದಿಲ್ಲ. ಆದುದರಿಂದ ಆಸಕ್ತರು ಸಾಮಾನ್ಯವಾಗಿ ಖಾನಾಪುರ ತಾಲ್ಲೂಕಿನ ಭೀಮಗಡಕ್ಕೆ ಅಥವಾ ನಿಪ್ಪಾಣಿ–ದೇವಗಡ ರಸ್ತೆಯ ಮೂಲಕ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ–ದಾಜೀಪುರಕ್ಕೆ ತೆರಳುತ್ತಾರೆ. ಇವೆರಡೂ ವನ್ಯಜೀವಿ ಅಭಯಾರಣ್ಯಗಳಾಗಿರುತ್ತವೆ. ಬೆನ್ನುಚೀಲ ಹಾಗೂ ಎರಡು ಮರಗಳಿಗೆ ಕಟ್ಟುವ ಜೋಲಿ ಇದ್ದರೆ ಎಲ್ಲಿ ಬೇಕಾದರೂ ಮಲಗಬಹುದೆಂಬ ತಿಳಿವಳಿಕೆ ಈ ಎರಡೂ ಸ್ಥಳಗಳಿಗೆ ಅನ್ವಯಿಸುವುದಿಲ್ಲ.

ಅನುಮತಿ

ಭೀಮಗಡವನ್ನು 2011ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಗಿದ್ದು, ಅದರ ವಿಸ್ತೀರ್ಣ 190.42 ಚದರ ಕಿ.ಮೀ. ಆಗಿರುತ್ತದೆ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಪ್ರಕರಣ 27ರ ಮೇರೆಗೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಒಳಗೆ ಸ್ಥಿರಾಸ್ತಿ ಹೊಂದಿರುವವರು ಮುಂತಾದವರನ್ನು ಹೊರತುಪಡಿಸಿ ಉಳಿದವರು ಪರವಾನಗಿ ಇಲ್ಲದೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಪ್ರವಾಸೋದ್ದೇಶಕ್ಕೆ ಪರವಾನಗಿ ನೀಡಲು ಪ್ರಕರಣ 28ರಲ್ಲಿ ಅವಕಾಶವಿದ್ದರೂ, ಅದು ಷರತ್ತುಗಳಿಗೆ ಒಳಪಟ್ಟಿರುತ್ತದೆ. ಹಗಲು ಚಾರಣದ ಚೀಟಿಯು ರಾತ್ರಿ ತಂಗುವ ಅನುಮತಿಯಲ್ಲ ಎಂಬುದನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಹಲವರು ಎಡವುವುದು ಇಲ್ಲಿಯೇ. ನಿಯಮ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ದಂಡದ ಈ ಮಿತಿಯನ್ನು 2022ರ ತಿದ್ದುಪಡಿಯಿಂದ 25 ಸಾವಿರದಿಂದ ಹೆಚ್ಚಿಸಲಾಗಿರುತ್ತದೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಉಂಟಾದ ಜನದಟ್ಟಣೆಯ ನಂತರ, ರಾಜ್ಯದ ನಿಗದಿತ ಚಾರಣ ಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಜಾರಿಗೆ ತರಲಾಯಿತು. ಪಟ್ಟಿಯಲ್ಲಿಲ್ಲದ ಪಥದ ಬಗ್ಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಸೂಕ್ತ. ದಾಜೀಪುರಕ್ಕೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಕರ್ನಾಟಕದ ಚೀಟಿ ಅಲ್ಲಿ ಊರ್ಜಿತವಲ್ಲ.

ಜೋಲಿಯ ಬಳಕೆ

ಅನುಮತಿಸಿದ ಶಿಬಿರ ಸ್ಥಳದಲ್ಲಿ ಅಥವಾ ಸ್ವಂತ ತೋಟದಲ್ಲಿ ಜೋಲಿ ಕಟ್ಟುವವರು ಚಳಿಯ ಬಗ್ಗೆ ಎಚ್ಚರ ವಹಿಸಬೇಕು. ನೆಲದ ಮೇಲೆ ಮಲಗಿದಾಗ ಇಲ್ಲದ ತೊಂದರೆಯೊಂದು ಜೋಲಿಯಲ್ಲಿ ಇರುತ್ತದೆ: ಗಾಳಿಯು ಬೆನ್ನಿನ ಕೆಳಗೂ ಬೀಸುತ್ತದೆ. ಮೈಭಾರಕ್ಕೆ ಕೆಳಗಿನ ಹೊದಿಕೆ ಒತ್ತಿ ತೆಳುವಾಗುವುದರಿಂದ, ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗಾಗುತ್ತದೆ. ಒಳಗೆ ಫೋಮ್ ಹಾಳೆ ಹಾಸಬೇಕು, ಅಥವಾ ಹೊದಿಕೆಯನ್ನು ಜೋಲಿಯ ಹೊರಮೈಗೆ ಒತ್ತದಂತೆ ಕೆಳಗೆ ತೂಗಬಿಡಬೇಕು. ಮನೆಯ ಕೌದಿಯೂ ಇದಕ್ಕೆ ಆಗುತ್ತದೆ, ಭಾರ ಹೊರಲು ಸಿದ್ಧರಿದ್ದಲ್ಲಿ. ತಂಪು ಗಾಳಿ ಇಳಿದು ನಿಲ್ಲುವ ಹಳ್ಳದ ತಗ್ಗನ್ನು ಬಿಟ್ಟು ಸ್ವಲ್ಪ ಎತ್ತರದ ಜಾಗ ಆರಿಸುವುದು, ಇಬ್ಬನಿಗೆ ಮೇಲೊಂದು ತಾಡಪತ್ರಿ ಕಟ್ಟುವುದು ಅವಶ್ಯ.

ಒಣಗಿದ ಮರಕ್ಕೆ ಅಥವಾ ಒಣ ಕೊಂಬೆಯ ಕೆಳಗೆ ಜೋಲಿ ಕಟ್ಟಬಾರದು. ತೊಗಟೆಗೆ ಹಾನಿಯಾಗದಂತೆ ಅಗಲ ಪಟ್ಟಿ ಬಳಸತಕ್ಕದ್ದು, ಮೊಳೆ ಹೊಡೆಯುವಂತಿಲ್ಲ. ಚಳಿ ಕಾಯಲು ಬೆಂಕಿ ಹಾಕುವುದು ಅಭಯಾರಣ್ಯದಲ್ಲಿ ಪ್ರಕರಣ 30ರ ಮೇರೆಗೆ ನಿಷಿದ್ಧ. ಕೃಷ್ಣಾ ನದಿಯ ದಂಡೆಯಲ್ಲಿ ಮೊಸಳೆಗಳಿರುವುದರಿಂದ ಅಲ್ಲಿ ರಾತ್ರಿ ಅಭ್ಯಾಸಕ್ಕೂ ಮಲಗುವುದು ಬೇಡ.

ಒಬ್ಬರೇ ಹೋಗುವವರು

ಭೀಮಗಡದಲ್ಲಿ ಕರಡಿ, ಕಾಡುಕೋಣ, ಚಿರತೆಗಳು ವಾಸಿಸುತ್ತವೆ. ಜೊತೆಗಾರರಿಲ್ಲದವರು ಗಾಯಗೊಂಡರೆ ಸುದ್ದಿ ಮುಟ್ಟಿಸುವವರು ಯಾರೂ ಇರುವುದಿಲ್ಲ, ಮೊಬೈಲ್ ಸಂಕೇತವೂ ಎಲ್ಲೆಡೆ ಸಿಗುವುದಿಲ್ಲ. ಹೋಗುವ ದಾರಿ, ತಂಗುವ ಸ್ಥಳ ಹಾಗೂ ಹಿಂದಿರುಗುವ ದಿನ ಮತ್ತು ಸಮಯವನ್ನು ಬರೆದು ಮನೆಯಲ್ಲಿ ಒಂದು ಪ್ರತಿ, ಪ್ರವೇಶ ದ್ವಾರದಲ್ಲಿ ಒಂದು ಪ್ರತಿ ನೀಡತಕ್ಕದ್ದು. ಆ ಸಮಯ ಮೀರಿದಲ್ಲಿ ಮನೆಯವರು ಕಾಯದೆ 112ಕ್ಕೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು.

ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಚಳಿಗಾಲದಿಂದ ಬೇಸಿಗೆಯವರೆಗೆ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ಈ ರೋಗವು 2015–16ರ ವೇಳೆಗೆ ಗೋವಾದ ಸತ್ತರಿ ಹಾಗೂ ಸಿಂಧುದುರ್ಗದ ದೋಡಾಮಾರ್ಗ ಭಾಗದಲ್ಲಿಯೂ ಕಂಡುಬಂದಿತು. ಜೋಲಿಯು ಮಲಗಿದವರನ್ನು ತರಗೆಲೆಯಿಂದ ಮೇಲಿಡುತ್ತದೆಯಾದರೂ, ನಡೆಯುವಾಗ ಹಾಗೂ ಚೀಲವನ್ನು ನೆಲಕ್ಕಿಟ್ಟಾಗ ಉಣ್ಣೆ ಹತ್ತುತ್ತದೆ. ಮೈಮುಚ್ಚುವ ಉಡುಪು ಧರಿಸಿ, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯತಕ್ಕದ್ದು. ಈ ರೋಗಕ್ಕೆ ನಿರ್ದಿಷ್ಟ ಔಷಧಿ ಇರುವುದಿಲ್ಲ. ಕಾಡಿನಿಂದ ಬಂದ ಒಂದೆರಡು ವಾರಗಳೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡುಬಂದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಗೆ ತೆರಳಿ, ಕಾಡಿಗೆ ಹೋಗಿದ್ದ ಸ್ಥಳ ಮತ್ತು ದಿನಾಂಕವನ್ನು ವೈದ್ಯರಿಗೆ ತಿಳಿಸಬೇಕು.