ಬಿಸಿಲಿನಲ್ಲಿ ದುಡಿಯುವವರ ಚರ್ಮದ ದೈನಂದಿನ ಆರೈಕೆ

ಹೊಲಗದ್ದೆಗಳ ಕೆಲಸ, ಕಟ್ಟಡ ಹಾಗೂ ರಸ್ತೆ ಕಾಮಗಾರಿ, ಸಂಚಾರ ನಿಯಂತ್ರಣ, ಬೀದಿ ವ್ಯಾಪಾರ, ಮೀನುಗಾರಿಕೆ ಮೊದಲಾದ ವೃತ್ತಿಗಳಲ್ಲಿ ತೊಡಗಿರುವವರ ಮುಖ, ಕುತ್ತಿಗೆ, ಕೈಗಳು ಮತ್ತು ಪಾದಗಳು ದಿನದ ಬಹುಭಾಗ ಬಿಸಿಲಿಗೆ ಒಡ್ಡಲ್ಪಡುತ್ತವೆ. ಇಂತಹವರ ಚರ್ಮದ ರಕ್ಷಣೆಗೆ ದುಬಾರಿ ಲೇಪನಗಳು ಅನಿವಾರ್ಯವಲ್ಲ. ಬಟ್ಟೆ, ನೆರಳು, ಶುದ್ಧ ನೀರು ಹಾಗೂ ಅಲ್ಪ ಪ್ರಮಾಣದ ಎಣ್ಣೆಯಿಂದ ಬಹುಪಾಲು ಪ್ರಯೋಜನ ದೊರೆಯುತ್ತದೆ. ಕಪ್ಪಾದ ಮುಖವನ್ನು ಬೆಳ್ಳಗಾಗಿಸುವ ಆಸೆಯಿಂದ ವೈದ್ಯರ ಚೀಟಿಯಿಲ್ಲದೆ ತಂದು ಹಚ್ಚುವ ಮುಲಾಮುಗಳಿಂದ ಬಿಸಿಲಿಗಿಂತಲೂ ಹೆಚ್ಚಿನ ಹಾನಿಯಾಗುವುದುಂಟು.

ಬಿಸಿಲಿನ ಪರಿಣಾಮ

ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಹಾನಿಗೆ ಮುಖ್ಯ ಕಾರಣ. ಇವುಗಳಲ್ಲಿ ಯುವಿ-ಬಿ ಕಿರಣಗಳು ನಡುಹಗಲಿನಲ್ಲಿ ತೀವ್ರವಾಗಿದ್ದು ಚರ್ಮವನ್ನು ಸುಡುತ್ತವೆ. ಯುವಿ-ಎ ಕಿರಣಗಳು ಹಗಲಿಡೀ ಇರುತ್ತವೆ. ಮೋಡ ಮತ್ತು ಗಾಜನ್ನು ದಾಟಿ ಬಂದು ಚರ್ಮದ ಆಳಕ್ಕೆ ಇಳಿದು ಕಪ್ಪು ಛಾಯೆ ಹಾಗೂ ಅಕಾಲಿಕ ಸುಕ್ಕುಗಳನ್ನು ಉಂಟುಮಾಡುತ್ತವೆ. ಬಸ್ಸು ಮತ್ತು ಲಾರಿ ಚಾಲಕರಲ್ಲಿ ಕಿಟಕಿಯ ಕಡೆಗಿರುವ ಬಲಗೆನ್ನೆ, ಬಲಗೈ ಹೆಚ್ಚು ಕಪ್ಪಾಗುವುದಕ್ಕೆ ಇದೇ ಕಾರಣ.

ಕರ್ನಾಟಕವು ಉಷ್ಣವಲಯದಲ್ಲಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ ಸಂಭವಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ನೇರಳಾತೀತ ಕಿರಣಗಳ ಪ್ರಮಾಣವೂ ಹೆಚ್ಚುತ್ತದೆ. ಆದುದರಿಂದ ತಂಪು ಹವೆಯಿದ್ದ ಮಾತ್ರಕ್ಕೆ ಬಿಸಿಲು ನಿರಪಾಯಕಾರಿಯೆಂದು ಭಾವಿಸಬಾರದು. ಗಡಿಯಾರವಿಲ್ಲದೆಯೂ ಬಳಸಬಹುದಾದ ಅಳತೆಯೊಂದಿದೆ: ವ್ಯಕ್ತಿಯ ನೆರಳು ಆತನ ಎತ್ತರಕ್ಕಿಂತ ಗಿಡ್ಡವಾಗಿರುವಷ್ಟು ಹೊತ್ತು ಕಿರಣಗಳು ತೀವ್ರವಾಗಿರುತ್ತವೆ.

ಕಂದು ಮತ್ತು ಕಪ್ಪು ವರ್ಣದ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಸಹಜವಾದ ಕೊಡೆಯಂತೆ ಕೆಲಸ ಮಾಡುತ್ತದೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯ ವರ್ಣದವರಿಗೆ ಹೋಲಿಸಿದಲ್ಲಿ ಭಾರತೀಯರಲ್ಲಿ ವಿರಳ. ಹೀಗಿರುವಾಗ ಕಪ್ಪಾಗುವುದನ್ನೇ ರೋಗವೆಂದು ತಿಳಿಯುವುದು ತಪ್ಪು. ತೊನ್ನಿನ ಕಲೆಗಳುಳ್ಳವರು ಹಾಗೂ ಹುಟ್ಟಿನಿಂದಲೇ ವರ್ಣದ್ರವ್ಯವಿಲ್ಲದವರಿಗೆ ಈ ರಕ್ಷಣೆ ಇರುವುದಿಲ್ಲವಾದ್ದರಿಂದ ಅವರು ವಿಶೇಷ ಎಚ್ಚರ ವಹಿಸತಕ್ಕದ್ದು.

ಬೆಳಗಿನ ಆರೈಕೆ

ಮುಖ ಮತ್ತು ಕೈಗಳನ್ನು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ಸೌಮ್ಯವಾದ ಮೈಸೋಪು ಅಥವಾ ಕಡಲೆಹಿಟ್ಟನ್ನು ಬಳಸಬಹುದು. ಬಟ್ಟೆಸೋಪು ಬಳಸುವುದು, ನಾರಿನಿಂದ ಮುಖ ಉಜ್ಜುವುದು ಸಲ್ಲದು. ಒಣಚರ್ಮದವರು ತೇವ ಆರುವ ಮೊದಲೇ ಕೆಲವು ಹನಿ ಕೊಬ್ಬರಿ ಎಣ್ಣೆಯನ್ನು ಕೈಕಾಲುಗಳಿಗೆ ಲೇಪಿಸಿಕೊಂಡಲ್ಲಿ ಚರ್ಮ ಒಡೆಯುವುದಿಲ್ಲ. ಎಣ್ಣೆಯು ಒಣಗುವಿಕೆಯನ್ನು ತಡೆಯುತ್ತದೆಯೇ ಹೊರತು ಬಿಸಿಲನ್ನು ತಡೆಯುವುದಿಲ್ಲ. ಮೊಡವೆಯುಳ್ಳವರು ಮುಖಕ್ಕೆ ಎಣ್ಣೆ ಹಚ್ಚದಿರುವುದು ಒಳ್ಳೆಯದು.

ಬಟ್ಟೆಯೇ ಮೊದಲ ರಕ್ಷಣೆ

ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ ಕಳೆ ತೆಗೆಯುವ ಮಹಿಳೆಯರನ್ನು ರಾಜ್ಯದ ಹಲವೆಡೆ ಕಾಣಬಹುದು. ನೋಡುವವರಿಗೆ ವಿಚಿತ್ರವೆನಿಸಿದರೂ ಇದಕ್ಕಿಂತ ಉತ್ತಮವಾದ ಹಾಗೂ ಅಗ್ಗದ ಉಪಾಯ ಮತ್ತೊಂದಿಲ್ಲ. ಉತ್ತರ ಕರ್ನಾಟಕದ ರುಮಾಲು, ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ಇವು ನೆತ್ತಿಯನ್ನು ಕಾಯುತ್ತವೆ. ಆದರೆ ಕಿವಿ ಮತ್ತು ಕುತ್ತಿಗೆಯ ಹಿಂಭಾಗ ತೆರೆದೇ ಉಳಿಯುತ್ತವೆ. ಅವುಗಳ ಅಡಿಯಲ್ಲಿ ಒಂದು ಟವಲನ್ನು ಹೆಗಲಿನವರೆಗೆ ಇಳಿಬಿಟ್ಟುಕೊಂಡಲ್ಲಿ ಈ ಕೊರತೆ ನೀಗುತ್ತದೆ.

ಬಟ್ಟೆಯು ಸಡಿಲವಾಗಿಯೂ ಒತ್ತಾದ ನೇಯ್ಗೆಯುಳ್ಳದ್ದಾಗಿಯೂ ಇರಬೇಕು. ಬೆಳಕಿಗೆ ಹಿಡಿದಾಗ ಆಚೆಗಿನ ವಸ್ತುಗಳು ಸ್ಪಷ್ಟವಾಗಿ ಕಾಣುವಂತಿದ್ದರೆ ಕಿರಣಗಳೂ ಒಳಬರುತ್ತವೆ ಎಂದರ್ಥ. ತೆಳುವಾದ ಬಿಳಿಯ ಹತ್ತಿ ಬಟ್ಟೆಯು ಬೆವರಿನಿಂದ ಒದ್ದೆಯಾದಾಗ ಇನ್ನೂ ಕಡಿಮೆ ರಕ್ಷಣೆ ನೀಡುತ್ತದೆ. ಸಾಧ್ಯವಿರುವಲ್ಲಿ ಹೊರಗಿನ ಕೆಲಸವನ್ನು ಬೆಳಿಗ್ಗೆ 10 ಗಂಟೆಯೊಳಗೆ ಹಾಗೂ ಸಂಜೆ 4 ಗಂಟೆಯ ನಂತರ ಹೊಂದಿಸಿಕೊಳ್ಳಬೇಕು. ಇದು ಕೂಲಿಕಾರರ ಕೈಯಲ್ಲಿರುವ ವಿಷಯವಲ್ಲ. ಕೆಲಸ ನೀಡುವವರು ನಡುಹಗಲಿನಲ್ಲಿ ನೆರಳು ಮತ್ತು ವಿರಾಮವನ್ನು ಒದಗಿಸಬೇಕಾಗುತ್ತದೆ.

ಸನ್‌ಸ್ಕ್ರೀನ್ ಯಾರಿಗೆ?

ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಸುಮಾರು ಶೇಕಡ 97ರಷ್ಟು ಯುವಿ-ಬಿ ಕಿರಣಗಳನ್ನು ತಡೆಯುತ್ತದೆ. ಎಸ್‌ಪಿಎಫ್ 50 ಇದ್ದಲ್ಲಿ ಸುಮಾರು ಶೇಕಡ 98. ಬೆಲೆಯಲ್ಲಿರುವಷ್ಟು ವ್ಯತ್ಯಾಸ ಗುಣದಲ್ಲಿಲ್ಲ. ಆದರೆ ಈ ಪ್ರಮಾಣದ ರಕ್ಷಣೆ ದೊರೆಯಲು ಮುಖ ಮತ್ತು ಕುತ್ತಿಗೆಗೆ ಒಂದು ಟೀ ಚಮಚ, ಒಂದೊಂದು ತೋಳಿಗೂ ಒಂದೊಂದು ಟೀ ಚಮಚದಷ್ಟು ಹಚ್ಚಿ, ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಒಂದು ಬಾರಿಗೆ ಸುಮಾರು 15 ಗ್ರಾಂ ಬೇಕಾಗುವುದರಿಂದ ಎಂಟು ಗಂಟೆ ದುಡಿಯುವವರಿಗೆ 50 ಗ್ರಾಮಿನ ಟ್ಯೂಬು ಒಂದು ದಿನಕ್ಕೂ ಸಾಲದು. ಕೂಲಿಯ ಹಣದಲ್ಲಿ ಇದನ್ನು ಕೊಳ್ಳುವುದಕ್ಕಿಂತ ತುಂಬುತೋಳಿನ ಅಂಗಿ ಕೊಳ್ಳುವುದು ವಿವೇಕ. ಬಂಗು, ತೊನ್ನು ಇರುವವರು ಹಾಗೂ ವೈದ್ಯರು ಸೂಚಿಸಿದವರು ಬಟ್ಟೆಯಿಂದ ಮುಚ್ಚಲಾಗದ ಮುಖಕ್ಕೆ ಮಾತ್ರ ಇದನ್ನು ಬಳಸಬಹುದು. ಯುವಿ-ಎ ತಡೆಯೂ ಇರುವುದನ್ನು ನೋಡಿ ಕೊಳ್ಳಬೇಕು.

ಸಂಜೆಯ ಆರೈಕೆ

ಬೆವರು ಮತ್ತು ಧೂಳನ್ನು ತೊಳೆದು ಎಣ್ಣೆ ಸವರಿಕೊಂಡರೆ ಸಾಕು. ಹಸಿ ಸಿಮೆಂಟು ಮೈಗೆ ತಾಗಿದಲ್ಲಿ ಸಂಜೆಯವರೆಗೆ ಕಾಯದೆ ಕೂಡಲೇ ತೊಳೆಯತಕ್ಕದ್ದು, ಅದು ಚರ್ಮವನ್ನು ಸುಡುತ್ತದೆ. ಬಣ್ಣ ತೆಗೆಯಲು ಸೀಮೆಎಣ್ಣೆ ಬಳಸಬಾರದು. ಕಪ್ಪು ಹೋಗಲೆಂದು ನಿಂಬೆರಸ ಹಚ್ಚುವ ರೂಢಿಯಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ತಾಗಿದಲ್ಲಿ ಬೊಬ್ಬೆಗಳೆದ್ದು ಮತ್ತಷ್ಟು ಕಪ್ಪಾಗುತ್ತದೆ.

ಬೆಳ್ಳಗಾಗಿಸುವ ಮುಲಾಮುಗಳ ಅಪಾಯ

ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಮುಂತಾದ ಸ್ಟೀರಾಯ್ಡ್‌ಗಳಿರುವ ಮುಲಾಮುಗಳನ್ನು ಬಂಗು, ಮೊಡವೆ, ಗಜಕರ್ಣ ಎಲ್ಲಕ್ಕೂ ಹಚ್ಚುವುದು ವ್ಯಾಪಕವಾಗಿದೆ. ಮೊದಲ ಕೆಲವು ವಾರ ಮುಖ ತಿಳಿಯಾಗಿ ಕಾಣುವುದರಿಂದ ಬಳಕೆ ಮುಂದುವರಿಯುತ್ತದೆ. ಬರುಬರುತ್ತಾ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ. ಮೊಡವೆ ಹೆಚ್ಚುತ್ತದೆ, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ಮುಖ ಕೆಂಪೇರಿ ಉರಿಯುತ್ತದೆ. ಇಂತಹವರಿಗೆ ಬಿಸಿಲಿನಲ್ಲಿ ನಿಲ್ಲುವುದೇ ಕಷ್ಟವಾಗುತ್ತದೆ. ದಿನಗೂಲಿಯವರ ಪಾಲಿಗೆ ಇದು ಅಂದದ ಪ್ರಶ್ನೆಯಾಗಿ ಉಳಿಯದೆ ಅನ್ನದ ಪ್ರಶ್ನೆಯಾಗುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟೀರಾಯ್ಡ್‌ಗಳ ಲೇಪನಗಳನ್ನು ಷೆಡ್ಯೂಲ್ ಎಚ್ ವ್ಯಾಪ್ತಿಗೆ ತಂದು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿರ್ಬಂಧಿಸಿತು. ಹಲವು ತಿಂಗಳು ಬಳಸಿರುವವರು ತಾವಾಗಿ ಒಮ್ಮೆಲೇ ನಿಲ್ಲಿಸದೆ ಚರ್ಮರೋಗ ತಜ್ಞರ ಸಲಹೆಯಂತೆ ಬಿಡಬೇಕು. ಬೆಳ್ಳಗಾಗಿಸುವ ಕೆಲವು ಲೇಪನಗಳಲ್ಲಿ ಬೆರೆಸಿರುವ ಪಾದರಸವು ಮೂತ್ರಪಿಂಡಗಳಿಗೂ ಹಾನಿಕರ.

ಎಲ್ಲ ಕಲೆಗಳೂ ಬಿಸಿಲಿನಿಂದಲ್ಲ

ಕಣ್ಣರೆಪ್ಪೆ, ಕುತ್ತಿಗೆ ಹಾಗೂ ಮೊಣಕೈ ಮಡಿಕೆಗಳಲ್ಲಿ ತುರಿಕೆಯೊಂದಿಗೆ ಚರ್ಮ ದಪ್ಪವಾದಲ್ಲಿ ಪಾರ್ಥೇನಿಯಂ ಅಂದರೆ ಕಾಂಗ್ರೆಸ್ ಗಿಡದ ಅಲರ್ಜಿಯಿರಬಹುದು. ಕೈಗಳ ಮೇಲೆ ಹಾಗೂ ಕುತ್ತಿಗೆಯ ಸುತ್ತ ಎರಡೂ ಬದಿ ಸಮನಾಗಿ ಕಪ್ಪಾಗಿ ಸಿಪ್ಪೆಯೇಳುವುದು, ಜೊತೆಗೆ ಭೇದಿಯಿರುವುದು ನಯಾಸಿನ್ ಕೊರತೆಯ ಪೆಲಾಗ್ರ ರೋಗದ ಲಕ್ಷಣ. ಜೋಳವನ್ನೇ ಉಣ್ಣುವ ದಖ್ಖನ್ನಿನ ಬಡವರಲ್ಲಿ ಕಂಡುಬರುತ್ತಿದ್ದ ಈ ರೋಗಕ್ಕೂ ಜೋಳದಲ್ಲಿನ ಲ್ಯೂಸಿನ್ ಅಂಶಕ್ಕೂ ಸಂಬಂಧವಿರಬಹುದೆಂದು 1960ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ ಸೂಚಿಸಿದ್ದರು. ಇದಕ್ಕೆ ಮುಲಾಮಿನಿಂದ ಫಲವಿಲ್ಲ. ಜೀವಸತ್ವದ ಮಾತ್ರೆಯೊಂದಿಗೆ ಬೇಳೆಕಾಳು, ಕಡಲೆಕಾಯಿ, ಹಾಲು, ಮೊಟ್ಟೆಗಳಿರುವ ಊಟ ಬೇಕು. ಡಾಕ್ಸಿಸೈಕ್ಲಿನ್‌ನಂತಹ ಕೆಲವು ಔಷಧಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ.

ತಿಂಗಳಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಗಂಟು ಅಥವಾ ರಕ್ತ ಒಸರುವ ಮಚ್ಚೆಯನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಿಳಿ ಬಣ್ಣದ ಅಥವಾ ಕೆಂಪಾದ ಮಚ್ಚೆಯಲ್ಲಿ ಸ್ಪರ್ಶಜ್ಞಾನವಿಲ್ಲದಿದ್ದಲ್ಲಿ ಅದು ಕುಷ್ಠರೋಗವಾಗಿರಬಹುದು. ಇದಕ್ಕೆ ಬಹುಔಷಧ ಚಿಕಿತ್ಸೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.