ಮನೆಗೆ ಸೇರಿಸಿ ಕಟ್ಟುವ ಗಾಜಿನ ಮನೆ

ವಾಸದ ಮನೆಯ ಒಂದು ಮಗ್ಗುಲಿಗೆ ಇಟ್ಟಿಗೆ ಇಲ್ಲವೆ ಕಲ್ಲಿನ ಕಂಬ ನಿಲ್ಲಿಸಿ, ಕಂಬಗಳ ನಡುವೆ ಎತ್ತರದ ಗಾಜಿನ ಕಿಟಕಿ ಕೂಡಿಸಿ, ಮೇಲೆ ಗಾಜಿನ ಮಾಡು ಹೊದಿಸಿ ಕಟ್ಟುವ ಕೋಣೆ. ಯುರೋಪಿನಲ್ಲಿ ಇದರ ಹೆಸರು ಆರೆಂಜರಿ. ಕಿತ್ತಳೆ, ನಿಂಬೆ ಗಿಡಗಳನ್ನು ಚಳಿಗಾಲ ದಾಟಿಸಲು ಹುಟ್ಟಿದ ಕಟ್ಟಡ. ಕರ್ನಾಟಕಕ್ಕೆ ಇದು ಬಂದದ್ದು ಮನೆಯ ಭಾಗವಾಗಿ ಅಲ್ಲ, ಸರ್ಕಾರಿ ತೋಟದ ಗಾಜಿನ ಮನೆಯಾಗಿ. ಸವದತ್ತಿ ಸೀಮೆಯ ಉಗರಗೋಳದಂಥ ಬಯಲುನಾಡಿನ ಊರುಗಳಲ್ಲಿ ಮನೆಯೊಳಗೆ ಬೆಳಕು ತರುವ ಕೆಲಸವನ್ನು ಬೆಳಕಿಂಡಿ ಬಹುಕಾಲ ಮಾಡಿಕೊಂಡು ಬಂದಿದೆ.

ಹದಿನಾರನೆಯ ಶತಮಾನದ ಇಟಲಿಯಲ್ಲಿ ಕುಂಡದ ಗಿಡಗಳನ್ನು ಚಳಿ ಬಂದಾಗ ಒಳಗೆ ಸಾಗಿಸುವ ಪದ್ಧತಿ ಬೆಳೆಯಿತು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಜೂಲ್ ಆರ್ದುವಾಂ ಮಾನ್ಸಾರ್ 1684ರಿಂದ 1686ರೊಳಗೆ ಕಟ್ಟಿದ ಆರೆಂಜರಿಯ ನಡುಸಾಲು 150 ಮೀಟರಿಗೂ ಉದ್ದ. ಅದರ ದಪ್ಪ ಗೋಡೆ ಮತ್ತು ದಕ್ಷಿಣಕ್ಕೆ ತೆರೆದ ಕಿಟಕಿಗಳೇ ಗಿಡಗಳನ್ನು ಹಿಮದಿಂದ ಉಳಿಸುತ್ತಿದ್ದವು. ಲಂಡನ್ ಬಳಿಯ ಕ್ಯೂ ತೋಟದಲ್ಲಿ ವಿಲಿಯಂ ಚೇಂಬರ್ಸ್ 1761ರಲ್ಲಿ ಮುಗಿಸಿದ ಆರೆಂಜರಿ ಚೆಲುವಾಗಿತ್ತು. ಆದರೆ ಆಗಿನ್ನೂ ಮಾಡು ಗಾಜಿನದಾಗಿರದ್ದರಿಂದ ಒಳಗೆ ಬೆಳಕು ಸಾಲದೆ ಗಿಡಗಳು ಸೊರಗಿದವು. ಶ್ರೀಮಂತಿಕೆ ತೋರಿಸಲು ಕಟ್ಟಿದ್ದು ಗಿಡಕ್ಕೆ ಒಗ್ಗಲೇಬೇಕೆಂದಿಲ್ಲ. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕ ತೆಗೆದುಹಾಕಿತು, ಎರಕದ ಕಬ್ಬಿಣವೂ ಅಗ್ಗವಾಯಿತು. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕ್ರಿಸ್ಟಲ್ ಪ್ಯಾಲೇಸ್ ಎಬ್ಬಿಸಿದ ಮೇಲಂತೂ ಗಾಜು ಅರಮನೆ ಬಿಟ್ಟು ಮಧ್ಯಮ ವರ್ಗದ ಮನೆಗಳ ಹಿತ್ತಲಿಗೂ ಇಳಿಯಿತು.

ಆ ಅಲೆ ಬೆಂಗಳೂರಿನ ಲಾಲ್‌ಬಾಗನ್ನೂ ಮುಟ್ಟಿತು. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಮೇಲ್ವಿಚಾರಕರಾಗಿ ಬಂದವರು ಕ್ಯೂನಲ್ಲಿ ಪಳಗಿದ ಜಾನ್ ಕ್ಯಾಮರಾನ್. ಇವರ ಕಾಲದಲ್ಲಿ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಕಂಬ, ಕಮಾನು, ಜಾಲರಿಗಳೆಲ್ಲ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಎರಕದ ಕಾರ್ಖಾನೆಯಲ್ಲಿ ತಯಾರಾಗಿ ಹಡಗೇರಿ ಬಂದವು. ಇದಕ್ಕೂ ಒಂದು ವಿಸ್ತರಣೆಯಾಯಿತು: 1935ರಲ್ಲಿ ಪೂರ್ವದ ರೆಕ್ಕೆಯನ್ನು ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆಯ ಕಬ್ಬಿಣದಲ್ಲಿ ಬೆಳೆಸಿದರು. ಒಂದೇ ಕಟ್ಟಡದ ಒಂದು ಭಾಗ ಗ್ಲ್ಯಾಸ್ಗೋದ್ದು, ಇನ್ನೊಂದು ಭದ್ರಾವತಿಯದು.

ಲಾಲ್‌ಬಾಗಿನ ಗಾಜಿನ ಮನೆಯೊಳಗೆ ಒಮ್ಮೆ ನಿಂತರೆ ಯುರೋಪಿನ ಮಾದರಿ ಇಲ್ಲಿ ಎಷ್ಟು ಬದಲಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಬದಿಗಳು ಬಹುಮಟ್ಟಿಗೆ ತೆರೆದಿವೆ, ಗಾಳಿ ಆರಪಾರ ಬೀಸುತ್ತದೆ. ಬೆಂಗಳೂರಿನಲ್ಲಿ ಗಿಡವನ್ನು ಬೆಚ್ಚಗಿಡುವ ಅಗತ್ಯವೇ ಇರಲಿಲ್ಲ. ಬೇಕಾದದ್ದು ಫಲಪುಷ್ಪ ಪ್ರದರ್ಶನಕ್ಕೆ ಒಂದು ಚಂದದ ಚಪ್ಪರ. ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ ಅಲ್ಲಿ ನೆರೆಯುವ ಜನರೇ ಸಾಕ್ಷಿ. ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ ದಸರಾ ಪ್ರದರ್ಶನ ನಡೆಯುವ ಗಾಜಿನ ಮನೆ, ತುಮಕೂರಿನ ಅಮಾನಿಕೆರೆಯದು, ದಾವಣಗೆರೆಯ ಕುಂದವಾಡ ಕೆರೆ ಬಳಿಯದು, ಎಲ್ಲವೂ ಈ ಜಾಡಿನವೇ. ಕಿತ್ತಳೆಗಾಗಿ ಕರ್ನಾಟಕದಲ್ಲಿ ಯಾರೂ ಗಾಜಿನ ಮನೆ ಕಟ್ಟಬೇಕಾಗಿ ಬರಲಿಲ್ಲ. ಭೌಗೋಳಿಕ ಗುರುತು ಪಡೆದ ಕೊಡಗಿನ ಕಿತ್ತಳೆ ಬೆಳೆಯುವುದು ಕಾಫಿ ತೋಟದಲ್ಲಿ, ಕಾಫಿ ಗಿಡಗಳ ನಡುವೆ, ದೊಡ್ಡ ಮರಗಳ ನೆರಳು ಹಂಚಿಕೊಂಡು.

ಉಗರಗೋಳ ಯಲ್ಲಮ್ಮನ ಗುಡ್ಡದ ಬುಡದ ಊರು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಗುಡ್ಡದ ಹಾದಿ ಹಿಡಿದವರಿಗೆಲ್ಲ ಪರಿಚಿತ. ಈ ಭಾಗದ ಹಳೆಯ ಮನೆ ಬಿಸಿಲನ್ನು ಹೊರಗಿಡಲೆಂದೇ ಕಟ್ಟಿದ್ದು. ದಪ್ಪನೆಯ ಕಲ್ಲುಮಣ್ಣಿನ ಗೋಡೆ, ಸಣ್ಣ ಕಿಟಕಿ, ಕಟ್ಟಿಗೆಯ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೀಳು ಕಟ್ಟಿಗೆ ಹರವಿ ಮೇಲೆ ಗಟ್ಟಿಯಾಗಿ ಮಣ್ಣು ಹಾಕಿದ ಮಾಳಿಗೆ. ಇಷ್ಟು ಮುಚ್ಚಿದ ಮನೆಗೆ ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಅಡಿಗೆಮನೆಯ ಹೊಗೆ ಹೋಗುವುದೂ ಅಲ್ಲಿಂದಲೇ. ಮಳೆ ಬಂತೆಂದರೆ ಯಾರಾದರೊಬ್ಬರು ಮಾಳಿಗೆ ಹತ್ತಿ ಅದಕ್ಕೆ ಕಲ್ಲೋ ಗಡಿಗೆಯೋ ಮುಚ್ಚಬೇಕು. ಮರೆತರೆ ಪಡಸಾಲೆಯಲ್ಲಿ ಕೆಸರು. ಈಗ ಅದರ ಮೇಲೆ ಗಾಜಿನ ತುಂಡು ಕೂಡಿಸಿ ಸಿಮೆಂಟು ಬಳಿಯುತ್ತಾರೆ. ಹೊಗೆಗೆ ದಾರಿ ಇಲ್ಲದಾದದ್ದು ಸೌದೆ ಒಲೆ ಹೋಗಿ ಗ್ಯಾಸು ಬಂದ ಮೇಲೆ ಯಾರಿಗೂ ಕಾಡಲಿಲ್ಲ.

ಇಲ್ಲಿಯ ಬೆಳಕಿಂಡಿ ಕಿರಿದಾಗಿರುವುದಕ್ಕೆ ಕಾರಣ ಆಕಾಶದಲ್ಲಿದೆ. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ದಕ್ಷಿಣದ ಗಾಜಿನ ಗೋಡೆ ಆ ಓರೆ ಬಿಸಿಲನ್ನು ಹಿಡಿದು ಕೋಣೆಯನ್ನು ಬೆಚ್ಚಗಿಡುತ್ತದೆ. ಉಗರಗೋಳ 16 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಸ್ವಲ್ಪ ಕೆಳಗಿದೆ. ಡಿಸೆಂಬರಿನಲ್ಲೂ ಇಲ್ಲಿ ಸೂರ್ಯ 50 ಡಿಗ್ರಿಗೆ ಏರುತ್ತಾನೆ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ನೆತ್ತಿಯ ನೇರಕ್ಕೆ ಬಂದು ನಿಲ್ಲುತ್ತಾನೆ. ಆಗ ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇಲ್ಲಿ ಗಾಜಿನ ಮಾಡು ಹಾಕಿದರೆ ಮೇ ತಿಂಗಳ ಬಿಸಿಲು ನೇರ ಅದರ ಮೇಲೆಯೇ ಬೀಳುತ್ತದೆ. ಗಾಜು ಬೆಳಕನ್ನು ಒಳಗೆ ಬಿಟ್ಟು, ಕಾದ ನೆಲದಿಂದ ಏಳುವ ಶಾಖವನ್ನು ಒಳಗೇ ತಡೆಯುತ್ತದೆ. ಹೊರಗೇ 40 ಡಿಗ್ರಿಯ ಹತ್ತಿರ ಸುಡುವಾಗ ಅಂಥ ಕೋಣೆಯಲ್ಲಿ ಮನುಷ್ಯನಿರಲಿ, ಗಿಡವೂ ಬಾಳದು.

ಹೆಂಚಿನ ಮಾಡಿನ ಊರುಗಳು ಇನ್ನೊಂದು ಉಪಾಯ ಕಂಡುಕೊಂಡವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡೆಲ್ಲ ಹಬ್ಬಿತು. ಅದೇ ಅಚ್ಚಿನ ಗಾಜಿನ ಹೆಂಚುಗಳನ್ನು ಅಲ್ಲೊಂದು ಇಲ್ಲೊಂದು ಕೂಡಿಸಿದರೆ ನಡುಮನೆಗೆ ಸಾಕಷ್ಟು ಬೆಳಕು. ಸ್ಲ್ಯಾಬ್ ಮನೆಗಳ ಕಾಲದಲ್ಲಿ ಆ ಜಾಗಕ್ಕೆ ಮೆಟ್ಟಿಲ ಮೇಲಿನ ಪಾಲಿಕಾರ್ಬೊನೇಟ್ ಹಾಳೆ ಬಂದಿದೆ. ಗಿಡಗಳ ಪಾಲಿಗೆ ಬಂದದ್ದು ಹಸಿರು ನೆಟ್. ಟೆರೇಸಿನ ಕುಂಡಗಳ ಮೇಲೂ ಸಸಿ ಬೆಳೆಸುವ ನರ್ಸರಿಗಳಲ್ಲೂ ಇದನ್ನೇ ಎಳೆದು ಕಟ್ಟುತ್ತಾರೆ. ಅರ್ಧದಷ್ಟು ಬಿಸಿಲು ತಡೆಯುವ ನೆಟ್ ಹೆಚ್ಚು ಬಳಕೆಯಲ್ಲಿದೆ. ದೊಣ್ಣ ಮೆಣಸಿನಕಾಯಿ, ಜರ್ಬೆರಾ ಬೆಳೆಯುವ ಪಾಲಿಹೌಸುಗಳಿಗೆ ಕೃಷಿ ಭಾಗ್ಯ ಯೋಜನೆ ಸಹಾಯಧನ ಕೊಟ್ಟಿತು. ಅವೂ ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲಿ ಬಾಯಿ ಬಿಟ್ಟವೇ.

ಸವದತ್ತಿ ಸೀಮೆಯಲ್ಲಿ ಗಾಜಿನ ಕೋಣೆ ಕಟ್ಟಲೇಬೇಕೆನ್ನುವವರು ಗಾಜನ್ನು ಮಾಡಿಗಿಂತ ಗೋಡೆಗೆ, ಅದರಲ್ಲೂ ಉತ್ತರದ ಮಗ್ಗುಲಿಗೆ ಹಾಕುವುದು ಲೇಸು. ಮೇ ಮೊದಲ ವಾರದಿಂದ ಆಗಸ್ಟಿನವರೆಗಿನ ಸುಮಾರು ಮೂರು ತಿಂಗಳು ಬಿಟ್ಟರೆ ಅತ್ತ ನಡುಹಗಲ ಬಿಸಿಲು ಸುಳಿಯುವುದಿಲ್ಲ. ಮಾಡು ಗಾಜಿನದೇ ಬೇಕಿದ್ದರೆ ಹದಗೊಳಿಸಿದ ಗಾಜು ಬೇಕು: ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಆಲಿಕಲ್ಲು ಸಾದಾ ಗಾಜನ್ನು ಉಳಿಸುವುದಿಲ್ಲ, ಮಂಗಗಳ ಕಾಟವಿದ್ದರಂತೂ ಹೇಳುವುದೇ ಬೇಡ. ಎರೆಭೂಮಿಯ ಮೇಲೆ ಕಟ್ಟುವಾಗ ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹಳೆಯ ಗೋಡೆಗೂ ಹೊಸ ಕೋಣೆಗೂ ನಡುವೆ ಬಿರುಕು ಬಿಟ್ಟರೆ ಮೊದಲು ಒಡೆಯುವುದು ಗಾಜು. ಹಳ್ಳಿಯಲ್ಲಿ ಕಟ್ಟುವ ಮುಂಚೆ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಅನುಮತಿ ಪಡೆಯಬೇಕು. ಇ-ಸ್ವತ್ತು ದಾಖಲೆಯ ನಮೂನೆ 9 ಮತ್ತು 11ರಲ್ಲಿ ಜಾಗದ ಅಳತೆ ಸರಿಯಿದೆಯೇ ಎಂದು ಮೊದಲೇ ನೋಡಿಕೊಂಡರೆ ಮುಂದೆ ಓಡಾಟ ತಪ್ಪುತ್ತದೆ.